ಎಲ್ಲವನ್ನೂ ಪಣಕ್ಕಿಡುವವರ ಎದುರು

ಸಾಹಿತ್ಯ ಸಮ್ಮೇಳನದ ಸ್ಮರಣ ಸಂಚಿಕೆಯಲ್ಲಿ ಇಸ್ಪೀಟಿನ ಬಗ್ಗೆ ಬರೆಯುವುದು ಉಚಿತವೇ ಎಂದು ಕೇಳುವ ಹಿರಿಯರು ಇದ್ದೇ ಇರುತ್ತಾರೆ. ಅವರಲ್ಲಿ ನಮ್ಮ ವಿನಂತಿ ಇಷ್ಟೆ: ಕುಮಾರವ್ಯಾಸನ ಸಭಾಪರ್ವದಿಂದ ಜೂಜನ್ನು ತೆಗೆದುಬಿಟ್ಟರೆ ಮುಂದಿನ ಪರ್ವಗಳಿಗೆ ಕೆಲಸವೇ ಉಳಿಯುವುದಿಲ್ಲ. ವನವಾಸವಿಲ್ಲ, ಅಜ್ಞಾತವಾಸವಿಲ್ಲ, ಯುದ್ಧವೂ ಇಲ್ಲ. ಹಳೆಯ ಮೈಸೂರಿನ ಕಡೆಯ ಹಳ್ಳಿಗಳಲ್ಲಿ ಯುಗಾದಿಯ ದಿನ ಬೇವುಬೆಲ್ಲ ತಿಂದ ಕೈಯಲ್ಲೇ ಎಲೆ ಹಿಡಿಯುವ ವಾಡಿಕೆ ಉಂಟು. ಮಾರನೆಯ ದಿನ ಹೊಸತೊಡಕಿನ ಬಾಡೂಟದವರೆಗೂ ಅರಳಿಕಟ್ಟೆಯ ಆಟ ನಿಲ್ಲುವುದಿಲ್ಲ. ಆ ಸೀಮೆಯಿಂದ ಕಬಿನಿ ದಾಟಿ ಪುಲ್ಪಳ್ಳಿಯ ಕಡೆ ಬಂದು ನೆಲೆಸಿದ ಮನೆಗಳು ನಮ್ಮವು. ಬೇವುಬೆಲ್ಲ ಬಂದಂತೆ ಇಸ್ಪೀಟೂ ನಮ್ಮೊಡನೆ ಬಂತು.

ಪುಲ್ಪಳ್ಳಿಯನ್ನು ಕಂಡಿಲ್ಲದ ಓದುಗರಿಗೆ ಎರಡು ಮಾತು. ಇದು ವಯನಾಡು ಜಿಲ್ಲೆಯ ಗಡಿಯಂಚು. ಪೇಟೆಯಲ್ಲಿ ಸೀತಾದೇವಿಯ ಗುಡಿ ಇದೆ, ಲವಕುಶರಿಗೂ ಪೂಜೆ ಸಲ್ಲುತ್ತದೆ. ಮಕ್ಕಳನ್ನು ಕಚ್ಚಿದ ಜಿಗಣೆಗಳಿಗೆ ಸೀತೆ ಶಾಪವಿತ್ತಳೆಂದೂ ಅಂದಿನಿಂದ ಇಲ್ಲಿ ಜಿಗಣೆಗಳಿಲ್ಲವೆಂದೂ ಜನರ ನಂಬಿಕೆ. ಸಮೀಪದ ಮಾವಿಲಾಂತೋಡಿನಲ್ಲಿ 1805ರ ನವೆಂಬರ್ 30ರಂದು ಪಳಶ್ಶಿರಾಜ ಬ್ರಿಟಿಷರಿಗೆ ಎದುರಾಗಿ ಮಡಿದ. ಪೆರಿಕ್ಕಲ್ಲೂರಿನ ಕಡವಿನಲ್ಲಿ ನಿಂತರೆ ಎದುರಿಗೆ ಕಾಣುವುದು ಹೆಗ್ಗಡದೇವನಕೋಟೆ ತಾಲ್ಲೂಕಿನ ಬೈರಕುಪ್ಪೆ. ನಡುವೆ ಕಬಿನಿ, ಅದರ ಮೇಲೆ ದೋಣಿ. ಈ ದಡದಲ್ಲಿ ಮಲಯಾಳದಲ್ಲಿ ಚೌಕಾಸಿ ಮಾಡಿ ಆ ದಡದಲ್ಲಿ ಕನ್ನಡದಲ್ಲಿ ಜಗಳವಾಡುವುದು ನಮಗೆ ದಿನನಿತ್ಯದ ಸಂಗತಿ.

ನಾವು ಎಂದರೆ ಮೂವರು. ಒಬ್ಬರು ನಿವೃತ್ತ ಮೇಷ್ಟ್ರು, ಒಬ್ಬರು ಮೆಣಸಿನ ವ್ಯಾಪಾರಿ, ಇನ್ನೊಬ್ಬರು ಒಂದಿಷ್ಟು ಕಾಫಿ ತೋಟವಿರುವ ರೈತರು; ಈ ಕೊನೆಯವರ ಮನೆ ಮಾತ್ರ ಬೈರಕುಪ್ಪೆಯ ದಡದಲ್ಲಿದೆ. ಸಂಜೆಯ ಹೊತ್ತು ರಮ್ಮಿ ಆಡುವುದು ಇಪ್ಪತ್ತು ವರ್ಷಗಳ ಅಭ್ಯಾಸ. 2020ರ ಲಾಕ್‌ಡೌನಿನಲ್ಲಿ ಗಡಿಯ ದಾರಿಗಳು ಮುಚ್ಚಿದವು, ದೋಣಿಯೂ ನಿಂತಿತು. ಆಗ ಮೇಷ್ಟರ ಅಕ್ಕನ ಮಗ ನಮ್ಮ ಮೂವರ ಮೊಬೈಲಿಗೂ ಪೋಕರ್ ಎಂಬ ಆಟವನ್ನು ಹಾಕಿಕೊಟ್ಟ. ಅವನು ಮೇಷ್ಟರಿಗೆ ಸೋದರಳಿಯನಾದರೂ ನಮಗೆಲ್ಲ ಅಳಿಯನೇ. ನಮ್ಮೆಲ್ಲರನ್ನೂ ಮಾವ ಎಂದೇ ಕರೆಯುತ್ತಾನೆ. ಈ ಬರಹದಲ್ಲಿ ಅವನ ಪಾತ್ರ ದೊಡ್ಡದು.

ಆಟದ ನಿಯಮವನ್ನು ಚುಟುಕಾಗಿ ಹೇಳಿಬಿಡುತ್ತೇವೆ. ಪ್ರತಿಯೊಬ್ಬನಿಗೂ ಎರಡು ಗುಟ್ಟಿನ ಎಲೆ; ಮೇಜಿನ ನಡುವೆ ಎಲ್ಲರಿಗೂ ಸೇರಿದ ಐದು ಎಲೆಗಳು ಒಂದೊಂದು ಹಂತದಲ್ಲಿ ತೆರೆದುಕೊಳ್ಳುತ್ತವೆ. ಏಳರಲ್ಲಿ ಉತ್ತಮವಾದ ಐದನ್ನು ಕೂಡಿಸಿದವನು ಗೆದ್ದ. ಪ್ರತಿ ಹಂತದಲ್ಲೂ ಪಣ ಏರಿಸಬಹುದು, ಬಿಟ್ಟು ಹಿಂದೆ ಸರಿಯಬಹುದು. ಪಂದ್ಯಾವಳಿಯಾದರೆ ಪ್ರವೇಶ ಶುಲ್ಕ ಕೊಟ್ಟು ಒಂದಷ್ಟು ಚಿಪ್ಸ್ ಪಡೆದು ಕೂರಬೇಕು; ಚಿಪ್ಸ್ ಮುಗಿದವನು ಹೊರಗೆ. ಕೊನೆಯವರೆಗೆ ಉಳಿದ ಕೆಲವರಿಗೆ ಬಹುಮಾನ. ಕಡ್ಡಾಯವಾಗಿ ಇಡಬೇಕಾದ ಪಣಕ್ಕೆ ಬ್ಲೈಂಡ್ ಎನ್ನುತ್ತಾರೆ, ಅದು ಹೊತ್ತು ಹೋದಂತೆ ಏರುತ್ತದೆ. ನಾವು ಆಡುತ್ತಿದ್ದುದು ₹25ರ ಪಂದ್ಯಗಳನ್ನು. ಒಂದು ಸಂಜೆಗೆ ಒಬ್ಬರಿಗೆ ಒಂದೇ ಪಂದ್ಯ ಎಂಬ ಕಟ್ಟಳೆಯನ್ನು ಮೊದಲ ವಾರದಲ್ಲೇ ಮಾಡಿಕೊಂಡೆವು. ಮೇಷ್ಟ್ರು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟರು. ನಮ್ಮಲ್ಲಿ ಇಬ್ಬರು ಒಂದೇ ಮೇಜಿಗೆ ಬಿದ್ದ ದಿನ ಪರಸ್ಪರ ಮಾತು ನಿಲ್ಲಿಸಬೇಕೆಂಬುದೂ ಅದರಲ್ಲೇ ಇದೆ.

ಈ ಆಟಕ್ಕೂ ಕಬಿನಿಗೂ ಒಂದು ತಮಾಷೆಯ ನಂಟು ಉಂಟು. 2021ರ ಅಕ್ಟೋಬರಿನಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಯ ತಿದ್ದುಪಡಿ ಜಾರಿಗೆ ಬಂದು ಹಣದ ಆನ್‌ಲೈನ್ ಆಟಗಳು ಅಲ್ಲಿ ನಿಷಿದ್ಧವಾದವು. ಕೇರಳ ಸರ್ಕಾರ ಆನ್‌ಲೈನ್ ರಮ್ಮಿಯನ್ನು ಅದೇ ವರ್ಷದ ಆರಂಭದಲ್ಲಿ ನಿಷೇಧಿಸಿತ್ತಾದರೂ ಸೆಪ್ಟೆಂಬರಿನಲ್ಲಿ ಇಲ್ಲಿನ ಹೈಕೋರ್ಟು ಆ ಆದೇಶವನ್ನು ರದ್ದುಗೊಳಿಸಿತ್ತು. ಹೀಗಾಗಿ ಹೊಳೆಯ ಆ ದಡದಲ್ಲಿ ಅಪರಾಧವಾದದ್ದು ಈ ದಡದಲ್ಲಿ ಕಾಲಕ್ಷೇಪವಾಯಿತು. ನಮ್ಮ ಬೈರಕುಪ್ಪೆಯ ಮಿತ್ರರು ಸಂಜೆಯಾದರೆ ಮೊಬೈಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ದೋಣಿ ಹತ್ತಿ ಬರುತ್ತಿದ್ದರು. 2022ರ ಫೆಬ್ರವರಿ 14ರಂದು ಕರ್ನಾಟಕ ಹೈಕೋರ್ಟು ಆ ತಿದ್ದುಪಡಿಯನ್ನೂ ರದ್ದುಮಾಡಿತು. ಆದರೂ ಅವರು ದೋಣಿಯಲ್ಲಿ ಬರುವುದನ್ನು ಬಿಡಲಿಲ್ಲ. ಮೇಷ್ಟರ ಮನೆಯ ಚಹಾಕ್ಕೆ ಅಷ್ಟರಲ್ಲಿ ಒಗ್ಗಿಹೋಗಿದ್ದರು.

ಇನ್ನು ವಿಷಯಕ್ಕೆ ಬರೋಣ. ₹25ರ ಪಂದ್ಯದಲ್ಲಿ ಎದುರಾಗುವವರು ಬಹುಪಾಲು ಒಂದೇ ಬಗೆಯವರು. ಎಲೆಯನ್ನು ನೋಡಿದರೋ ಇಲ್ಲವೋ, ಇದ್ದ ಚಿಪ್ಸನ್ನೆಲ್ಲ ಒಮ್ಮೆಗೇ ನಡುವಿಗೆ ತಳ್ಳುತ್ತಾರೆ. ಇದಕ್ಕೆ ಆಲ್-ಇನ್ ಎಂದು ಹೆಸರು. ಮೊದಲ ಒಂದು ಗಂಟೆ ಸೋತವರಿಗೆ ಮತ್ತೆ ₹25 ಕೊಟ್ಟು ಒಳಬರುವ ಅವಕಾಶ ಇರುತ್ತಿತ್ತಾದ್ದರಿಂದ ಆ ಗಂಟೆಯಂತೂ ಜಾತ್ರೆಯೇ. ಒಬ್ಬ ತಳ್ಳಿದರೆ ಇನ್ನೊಬ್ಬ ತಳ್ಳುತ್ತಾನೆ, ಮೂರನೆಯವನೂ ತಳ್ಳುತ್ತಾನೆ. ಬಾಜಿಯ ಕೊನೆಗೆ ಎಲೆ ತೆರೆದು ನೋಡಿದರೆ ಒಬ್ಬನಲ್ಲಿ ಏಳು-ಎರಡು, ಇನ್ನೊಬ್ಬನಲ್ಲಿ ಒಂಬತ್ತು-ನಾಲ್ಕು. ರಮ್ಮಿಯಲ್ಲಿ ಎಲೆ ಎಣಿಸಿ, ಬಿಟ್ಟದ್ದನ್ನು ನೆನಪಿಟ್ಟು ಆಡಿ ಬಂದವರಿಗೆ ಇದು ಆಟವೆಂದೇ ತೋರುವುದಿಲ್ಲ. ‘ಇವರ ಜೊತೆ ಬುದ್ಧಿವಂತಿಕೆಗೆ ಜಾಗವೇ ಇಲ್ಲ’ ಎಂದು ವ್ಯಾಪಾರಿ ಮಿತ್ರರು ಗೊಣಗುತ್ತಿದ್ದರು. ಅವರು ಹೇಳಿದ್ದರಲ್ಲಿ ಅರ್ಧ ನಿಜ. ಹೆದರಿಸಿ ಗೆಲ್ಲುವ ಬುದ್ಧಿವಂತಿಕೆಗೆ ಅಲ್ಲಿ ಜಾಗವಿಲ್ಲ, ಏಕೆಂದರೆ ಹೆದರದವನನ್ನು ಹೆದರಿಸುವುದು ಹೇಗೆ? ಕಾಯುವ ಬುದ್ಧಿವಂತಿಕೆಗೆ ಮಾತ್ರ ಧಾರಾಳವಾಗಿ ಜಾಗವುಂಟು.

ಲೆಕ್ಕ ಮೇಷ್ಟರ ಖಾತೆ. ಐವತ್ತೆರಡು ಎಲೆಗಳಿಂದ ಎರಡನ್ನು ಎತ್ತಿಕೊಳ್ಳಲು 1,326 ಬಗೆಗಳಿವೆ. ಎರಡು ಎಕ್ಕ ಸಿಗುವುದು 221 ಬಾರಿಗೆ ಒಮ್ಮೆ. ಅಷ್ಟಕ್ಕಾಗಿ ಕಾಯುತ್ತ ಕುಳಿತರೆ ಬ್ಲೈಂಡೇ ನಮ್ಮನ್ನು ತಿಂದು ಮುಗಿಸುತ್ತದೆ. ಆದರೆ ಎದುರಿನವನು ನಿಜಕ್ಕೂ ಯಾವ ಎಲೆಯಾದರೂ ಸರಿ ಎಂದು ತಳ್ಳುವವನಾದರೆ ಅಷ್ಟು ಕಾಯಬೇಕಾಗಿಯೂ ಇಲ್ಲ. ಎಂಟರ ಜೋಡಿ ಕೈಯಲ್ಲಿದ್ದರೆ ಅಂಥವನ ಎದುರು 100ರಲ್ಲಿ 69 ಬಾರಿ ಗೆಲುವು ನಮ್ಮದು. ಎಕ್ಕ-ಹತ್ತು ಇದ್ದರೆ ಸುಮಾರು 63, ರಾಜ-ರಾಣಿ ಇದ್ದರೆ 61ರ ಆಸುಪಾಸು. ಎರಡರ ಜೋಡಿ ನೋಡಲು ಜೋಡಿಯೇ ಆದರೂ ಅದರ ಬೆಲೆ ಅರ್ಧಕ್ಕರ್ಧ, ಅಷ್ಟೆ. ಮೇಷ್ಟ್ರು 60ರ ಗೆರೆ ಎಳೆದರು: ಎಂಟು ಮತ್ತು ಮೇಲಿನ ಜೋಡಿಗಳು, ಎಕ್ಕದೊಡನೆ ಹತ್ತು ಅಥವಾ ಮೇಲಿನ ಎಲೆ, ರಾಜ-ರಾಣಿ. ಇವೆಲ್ಲ ಕೂಡಿದರೆ 1,326ರಲ್ಲಿ 122. ಅಂದರೆ ಹನ್ನೊಂದು ಸುತ್ತಿಗೆ ಒಮ್ಮೆ ನಮ್ಮ ಸರದಿ. ಉಳಿದ ಹತ್ತು ಸುತ್ತು ಬಾಯಿ ಮುಚ್ಚಿಕೊಂಡು ಎಲೆ ಎಸೆಯಬೇಕು.

ಅರ್ಧಕ್ಕರ್ಧ ಅವಕಾಶವಿರುವಾಗ ಏಕೆ ಹೋಗಬಾರದು ಎಂದು ಅಳಿಯ ಕೇಳುತ್ತಿದ್ದ. ಹಣದ ಆಟದಲ್ಲಿ ಹೋಗಬಹುದೇನೋ. ಪಂದ್ಯಾವಳಿಯಲ್ಲಿ ಚಿಪ್ಸು ದುಪ್ಪಟ್ಟಾದ ಮಾತ್ರಕ್ಕೆ ಬಹುಮಾನದ ಆಸೆ ದುಪ್ಪಟ್ಟಾಗುವುದಿಲ್ಲ, ಚಿಪ್ಸು ಹೋದರೆ ಮಾತ್ರ ಎಲ್ಲವೂ ಹೋಗುತ್ತದೆ. 65ರ ಅನುಕೂಲವಿದ್ದರೂ ಮೂರು ಬಾರಿ ಸತತವಾಗಿ ಗೆಲ್ಲುವ ಸಾಧ್ಯತೆ 100ಕ್ಕೆ 27 ಮಾತ್ರ. ಆದ್ದರಿಂದ ಸಾಧ್ಯವಾದಷ್ಟೂ ನಮಗಿಂತ ಕಡಿಮೆ ಚಿಪ್ಸ್ ಇರುವವನನ್ನೇ ಎದುರಿಸಬೇಕು. ಅವನಿಗೆ ಸೋತರೂ ನಾವು ಮೇಜಿನಲ್ಲಿ ಉಳಿಯುತ್ತೇವೆ. ಇನ್ನೊಂದು ಸಂಗತಿ: ಇಂಥವನು ತಳ್ಳಿದಾಗ ಒಳ್ಳೆಯ ಎಲೆಯಿದ್ದರೆ ನಾವೂ ಪೂರ್ತಿ ತಳ್ಳಿ, ಹಿಂದಿನವರು ಹೆದರಿ ಸರಿಯುವಂತೆ ಮಾಡಬೇಕು. ಎರಡು ಎಕ್ಕಗಳು ಒಬ್ಬ ಅಡ್ಡಾದಿಡ್ಡಿಯವನ ಎದುರು 85 ಬಾರಿ ಗೆಲ್ಲುತ್ತವೆ. ಅಂಥ ನಾಲ್ವರ ಎದುರು 56 ಬಾರಿ ಮಾತ್ರ. ಗೆದ್ದರೆ ಗುಡ್ಡೆ ದೊಡ್ಡದು, ನಿಜ. ಆದರೆ ಹೊರಬೀಳುವ ಭಯವೂ ಅಷ್ಟೇ ದೊಡ್ಡದು.

ಎಲ್ಲಕ್ಕಿಂತ ಕಷ್ಟದ್ದು ಯಾರು ನಿಜವಾದ ಹುಂಬ ಎಂದು ಗುರುತಿಸುವುದು. ಬ್ಲೈಂಡು 2,000ಕ್ಕೆ ಏರಿದೆ, ಒಬ್ಬನಲ್ಲಿ 12,000 ಚಿಪ್ಸ್ ಉಳಿದಿದೆ ಎನ್ನಿ. ಅವನು ಎಕ್ಕ-ಐದು ಹಿಡಿದು ಎಲ್ಲವನ್ನೂ ತಳ್ಳಿದರೆ ಅದು ಹುಂಬತನವಲ್ಲ. ಆರು ಬ್ಲೈಂಡಿನಷ್ಟು ಉಳಿದವನಿಗೆ ಸ್ವಲ್ಪಸ್ವಲ್ಪ ಇಟ್ಟು ಆಡುವ ಅನುಕೂಲವೇ ಇರುವುದಿಲ್ಲ. ಮೊದಲ ಹತ್ತು ನಿಮಿಷದಲ್ಲಿ ನೂರು ಬ್ಲೈಂಡುಗಳನ್ನು ತಳ್ಳುವವನೂ ಕೊನೆಯ ಗಂಟೆಯಲ್ಲಿ ಆರನ್ನು ತಳ್ಳುವವನೂ ತೆರೆಯ ಮೇಲೆ ಒಂದೇ ಗುಂಡಿ ಒತ್ತುತ್ತಾರೆ. ಒಬ್ಬನಿಗೆ ಅದು ಹುಮ್ಮಸ್ಸು, ಇನ್ನೊಬ್ಬನಿಗೆ ಬೇರೆ ದಾರಿಯಿಲ್ಲದ ಲೆಕ್ಕ. ಹದಿನೈದು ಇಪ್ಪತ್ತು ಸುತ್ತು ಸುಮ್ಮನೆ ನೋಡಿ, ತೆರೆದ ಎಲೆಗಳನ್ನು ಗುರುತಿಟ್ಟುಕೊಂಡರೆ ಮಾತ್ರ ವ್ಯತ್ಯಾಸ ತಿಳಿಯುತ್ತದೆ. ಮಂದ ಬುದ್ಧಿಯ ವಿದ್ಯಾರ್ಥಿಗೂ ಹಸಿದು ಬಂದ ವಿದ್ಯಾರ್ಥಿಗೂ ಇರುವ ವ್ಯತ್ಯಾಸದಂತೆ ಎಂದು ಮೇಷ್ಟ್ರು ಹೇಳುತ್ತಿದ್ದರು. ಇಬ್ಬರೂ ಉತ್ತರ ಹೇಳುವುದಿಲ್ಲ.

ಧರ್ಮರಾಯನನ್ನು ಈ ಸಾಲಿನಲ್ಲಿ ಎಲ್ಲಿ ಕೂರಿಸಬೇಕು ಎಂಬುದು ನಮ್ಮ ಜಗಲಿಯಲ್ಲಿ ಬಹಳ ಸಂಜೆ ನಡೆದ ವಾದ. ಅವನು ಒಮ್ಮೆಗೇ ಎಲ್ಲವನ್ನೂ ಇಟ್ಟವನಲ್ಲ. ಸಂಪತ್ತು ಹೋಯಿತು, ಅದನ್ನು ಮರಳಿ ಪಡೆಯಲು ರಾಜ್ಯ. ಅದು ಹೋಯಿತೆಂದು ತಮ್ಮಂದಿರು. ಆಮೇಲೆ ತಾನು, ಕಡೆಗೆ ದ್ರೌಪದಿ. ಇದು ಹೋದದ್ದರ ಬೆನ್ನು ಹತ್ತುವವನ ದಾರಿ, ಹುಂಬನದಲ್ಲ. ಹುಂಬನಿಗೆ ಹೋದದ್ದು ನೆನಪಿರುವುದೇ ಇಲ್ಲ. ಧೃತರಾಷ್ಟ್ರ ಎಲ್ಲವನ್ನೂ ಹಿಂದಿರುಗಿಸಿ ಕಳಿಸಿದ ಮೇಲೂ ಕರೆ ಬಂತೆಂದು ದಾರಿಯಿಂದಲೇ ಹಿಂದಿರುಗಿ ಅನುದ್ಯೂತಕ್ಕೆ ಕುಳಿತನಲ್ಲ, ಅದನ್ನೇ ಈಗಿನವರು ರೀ-ಎಂಟ್ರಿ ಎನ್ನುತ್ತಾರೆ ಎಂದು ಅಳಿಯ ಹೇಳಿದಾಗ ಮೇಷ್ಟ್ರು ಮೊದಲು ಸಿಟ್ಟಾದರು, ಆಮೇಲೆ ನಕ್ಕರು. ಶಕುನಿಯ ದಾಳ ಕಪಟದ್ದಾಗಿತ್ತು ಎಂಬುದನ್ನು ಮರೆಯಬಾರದು. ನಮ್ಮ ಲೆಕ್ಕವೆಲ್ಲ ಎಲೆ ಪ್ರಾಮಾಣಿಕವಾಗಿದೆ ಎಂಬ ನಂಬಿಕೆಯ ಮೇಲೆ ನಿಂತದ್ದು.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಸಂಗತಿಯನ್ನು ಹೇಳದೆ ಇರಲಾಗದು. ಕಾಯುವವನ ಗೆಲುವು ಬರುವುದು ತಳ್ಳುವವನ ಜೇಬಿನಿಂದ. ಪ್ರವೇಶ ಶುಲ್ಕದಲ್ಲಿ ಒಂದು ಪಾಲು ಕಂಪನಿಗೆ ಹೋಗಿ, ಉಳಿದದ್ದು ನಮ್ಮನಮ್ಮಲ್ಲೇ ಕೈ ಬದಲಾಯಿಸುವ ಹಣ. ಎರಡು ವರ್ಷದ ನೋಟ್‌ಬುಕ್ಕನ್ನು ಕೂಡಿಸಿ ನೋಡಿದಾಗ ನಮ್ಮ ಮೂವರಿಗೂ ಸೇರಿ ಉಳಿದದ್ದು ಒಂದು ಚೀಲ ಗೊಬ್ಬರದ ದುಡ್ಡು. ಯಾರದೋ ಹುಡುಗರು ಎಲ್ಲೋ ಕುಳಿತು ಹತ್ತು ಬಾರಿ ₹25 ತಳ್ಳಿದ್ದರಿಂದ ಬಂದದ್ದು. ತೆರೆಯ ಮೇಲಿನ ಹುಸಿ ಹೆಸರಿಗೆ ಮುಖವಿಲ್ಲ. ಹಾಗಾಗಿ ಕಾಯುವುದೂ ಸುಲಭ. ನಮ್ಮ ಅಳಿಯನಿಗೆ ಮುಖವಿತ್ತು.

ಅವನ ಆಟ ಶುದ್ಧ ತಳ್ಳುವ ಆಟ. ‘ಮಾವ, ನೀವು ಕಾಯ್ತಾ ಕಾಯ್ತಾ ಮುದುಕರಾಗ್ತೀರಿ’ ಎನ್ನುತ್ತಿದ್ದ. ‘ನಾವು ಆಗಲೇ ಮುದುಕರು ಕಣಯ್ಯಾ’ ಎಂದು ಮೇಷ್ಟ್ರು ಉತ್ತರಿಸುತ್ತಿದ್ದರು. ನಮ್ಮ ಕಟ್ಟಳೆ ಅವನಿಗೆ ಹಿಡಿಸಲಿಲ್ಲ. ಒಂದು ಸಂಜೆಗೆ ಎಷ್ಟು ಬಾರಿ ಒಳಹೋಗುತ್ತಿದ್ದ ಎಂದು ನಾವು ಕೇಳುತ್ತಿರಲಿಲ್ಲ, ಅವನು ಹೇಳುತ್ತಲೂ ಇರಲಿಲ್ಲ. ಒಮ್ಮೆ ಒಂದು ಪಂದ್ಯದಲ್ಲಿ ಮೊದಲ ಸ್ಥಾನ ಪಡೆದು ನಮಗೆಲ್ಲ ಬತ್ತೇರಿಯಿಂದ ಬಿರಿಯಾನಿ ತಂದುಕೊಟ್ಟದ್ದೂ ನಿಜ. ತಳ್ಳುವವರೂ ಗೆಲ್ಲುತ್ತಾರೆ. ಗೆಲ್ಲದಿದ್ದರೆ ಯಾರು ತಾನೇ ತಳ್ಳುತ್ತಿದ್ದರು?

ಇಲ್ಲಿ ಮೆಣಸಿನ ಮಾತು ಬರಬೇಕು. ಪುಲ್ಪಳ್ಳಿ ಎಂದರೆ ಒಂದು ಕಾಲಕ್ಕೆ ಕರಿಮೆಣಸು. ಬಳ್ಳಿ ನೆಟ್ಟು ಮೂರು ವರ್ಷ ಕಾಯಬೇಕು, ಆಮೇಲೆ ಕೈತುಂಬ ಫಸಲು. ನಮ್ಮ ಹಿರಿಯರ ಮನೆಗಳು ಎದ್ದದ್ದು ಆ ಕಾಯುವಿಕೆಯಿಂದ. ಸೊರಗು ರೋಗ ಬಂದು ಬಳ್ಳಿಗಳು ಒಣಗಿದವು, ಬೆಲೆಯೂ ಕುಸಿಯಿತು. ಈ ಶತಮಾನದ ಮೊದಲ ವರ್ಷಗಳಲ್ಲಿ ವಯನಾಡಿನ ರೈತರ ಆತ್ಮಹತ್ಯೆಗಳ ಸುದ್ದಿ ದೇಶವೆಲ್ಲ ಕೇಳಿದ್ದು. ಕಾಯುವ ಬೆಳೆ ಕೈಕೊಟ್ಟ ಮೇಲೆ ಇಲ್ಲಿನವರು ಹಿಡಿದದ್ದು ಶುಂಠಿಯನ್ನು. ಕೊಡಗು, ಮೈಸೂರು, ಹಾಸನದ ಕಡೆ ಭೂಮಿ ಗುತ್ತಿಗೆಗೆ ಹಿಡಿದು, ಬಿತ್ತನೆ ಗೆಡ್ಡೆ, ಗೊಬ್ಬರ, ಹುಲ್ಲಿನ ಹೊದಿಕೆ, ಕೂಲಿ ಎಂದು ಕೈಯಲ್ಲಿದ್ದುದನ್ನೆಲ್ಲ ಮಣ್ಣಿಗೆ ಹಾಕಿ ಒಂಬತ್ತು ಹತ್ತು ತಿಂಗಳು ಉಸಿರು ಬಿಗಿಹಿಡಿದು ಕೂರುವುದು. ಗೆಡ್ಡೆ ಕೊಳೆಯದಿದ್ದರೆ, ಬೆಲೆ ನಿಂತರೆ, ಒಂದೇ ಕೊಯ್ಲಿಗೆ ಮನೆ. ಇಲ್ಲದಿದ್ದರೆ ಮುಂದಿನ ವರ್ಷ ಇನ್ನೊಬ್ಬರ ಹೊಲದಲ್ಲಿ ಕೂಲಿ. ನಮ್ಮ ಕಡೆ ಆಲ್-ಇನ್ ಎಂಬ ಪದ ಬರುವ ಮೊದಲೇ ಅದರ ಅರ್ಥ ಬಂದಿತ್ತು.

2023ರಲ್ಲಿ ಶುಂಠಿಯ ಬೆಲೆ ಹಿಂದೆಂದೂ ಕಾಣದ ಮಟ್ಟಕ್ಕೆ ಏರಿತು. 60 ಕಿಲೋ ಚೀಲದ ಲೆಕ್ಕದಲ್ಲಿ ಮಾತನಾಡುವ ಊರಿನಲ್ಲಿ ಆ ವರ್ಷ ಬೇರೆ ಮಾತೇ ಇರಲಿಲ್ಲ. ಮರುವರ್ಷದ ಬಿತ್ತನೆಗೆ ಅಳಿಯ ಹೆಗ್ಗಡದೇವನಕೋಟೆಯ ಕಡೆ ಐದು ಎಕರೆ ಗೊತ್ತುಮಾಡಿದ. ಅವನ ತಾಯಿಯ ಒಡವೆ ಅಡವಿಡುವುದು, ತೋಟದ ಪತ್ರದ ಮೇಲೆ ಸಾಲ ಎತ್ತುವುದು, ಇದು ಲೆಕ್ಕ. ಅದನ್ನು ನಮಗೆ ಹೇಳಿದ್ದು ಪಂದ್ಯದ ನಡುವೆ, ಎಲೆಯಿಂದ ಕಣ್ಣು ತೆಗೆಯದೆ.

ಮೇಷ್ಟ್ರು ಮೊಬೈಲನ್ನು ಕೆಳಗಿಟ್ಟು, ‘ಇದರಲ್ಲಿ ಸೋತರೆ ಮತ್ತೆ ಒಳಗೆ ಬರೋಕೆ ಎಷ್ಟು?’ ಎಂದು ಕೇಳಿದರು. ಅಳಿಯನಿಗೆ ಅರ್ಥವಾಯಿತು, ಆದರೂ ಅರ್ಥವಾಗದವನಂತೆ ಕುಳಿತ. ಅವನು ಕೊನೆಯ ಗಂಟೆಯ ಆರು ಬ್ಲೈಂಡಿನವನೋ, ಮೊದಲ ಗಂಟೆಯ ಹುಂಬನೋ ಎಂದು ಆ ರಾತ್ರಿ ಅವನು ಹೋದ ಮೇಲೆ ನಾವು ಮೂವರೂ ಬಹಳ ಹೊತ್ತು ಮಾತನಾಡಿದೆವು. ಮೂವತ್ತು ದಾಟಿದ ಹುಡುಗ. ಒಣಗಿದ ಮೆಣಸಿನ ತೋಟ. ಬೆಂಗಳೂರಿಗೆ ಹೋಗಿ ಹಿಂದಿರುಗಿದವನು. ಅವನ ಬಳಿ ಕಾಯಲು ಏನು ಉಳಿದಿತ್ತು ಎಂದು ವ್ಯಾಪಾರಿ ಮಿತ್ರರು ಕೇಳಿದ ಪ್ರಶ್ನೆಗೆ ನಮ್ಮಲ್ಲಿ ಉತ್ತರ ಇರಲಿಲ್ಲ. ಅಪರಿಚಿತನಾಗಿದ್ದರೆ ಅವನು ಸೋಲುವವರೆಗೆ ಕಾಯುತ್ತಿದ್ದೆವು. ಅಕ್ಕನ ಮಗನ ಎದುರು ಆ ವಿದ್ಯೆ ಏನು ಕೆಲಸಕ್ಕೆ ಬರುತ್ತದೆ?

ಕಡೆಗೆ ನಿರ್ಧಾರ ಮಾಡಿದವರು ಅಕ್ಕ. ಇಸ್ಪೀಟಿನ ಒಂದೆಲೆಯನ್ನೂ ಮುಟ್ಟದ ಅವರು ಒಡವೆಯ ಗಂಟನ್ನು ತಂದು ತಮ್ಮನ ಬೀರುವಿನಲ್ಲಿಟ್ಟು, ‘ಬೀಗದ ಕೈ ನಿನ್ನ ಹತ್ರಾನೇ ಇರಲಿ, ನಾನು ಅತ್ತು ಕೇಳಿದ್ರೂ ಕೊಡಬೇಡ’ ಎಂದು ಹೇಳಿ ಹೋದರು. ನಾವು ಮೂವರೂ ಸೇರಿ ಎರಡು ಎಕರೆಯ ಬಿತ್ತನೆ ಗೆಡ್ಡೆಯ ಹಣ ಹಾಕಿದೆವು. ಉಳಿದ ಮೂರು ಎಕರೆಯನ್ನು ಬೇರೊಬ್ಬರು ಹಿಡಿದರು. ಅಳಿಯ ನಾಲ್ಕು ತಿಂಗಳು ನಮ್ಮ ಜಗಲಿಗೆ ಬರಲಿಲ್ಲ. ಪೇಟೆಯಲ್ಲಿ ಕಂಡರೆ ತಲೆಯಾಡಿಸುತ್ತಿದ್ದ, ಮಾವ ಎನ್ನುತ್ತಿರಲಿಲ್ಲ.

ಕೊಯ್ಲಿನ ಹೊತ್ತಿಗೆ ಬೆಲೆ ಇಳಿದುಹೋಗಿತ್ತು. ಹಾಕಿದ ಹಣದ ಅರ್ಧವೂ ಬರಲಿಲ್ಲ. ತೋಟ ಉಳಿಯಿತು, ಬೀರುವಿನ ಗಂಟು ಉಳಿಯಿತು. ಇಷ್ಟನ್ನು ಕೇಳಿದವರು ನಮ್ಮದೇ ಸರಿ ಎನ್ನುತ್ತಾರೆ. ಅಳಿಯ ಇಂದಿಗೂ ಒಪ್ಪುವುದಿಲ್ಲ. ಐದು ಎಕರೆಯಾಗಿದ್ದರೆ ಅರ್ಧವನ್ನು ಬೆಲೆ ಇದ್ದಾಗಲೇ ಎಳೆಯ ಶುಂಠಿಯಾಗಿ ಕಿತ್ತು ಮಾರುತ್ತಿದ್ದೆ, ಎರಡೇ ಎಕರೆಯಾದ್ದರಿಂದ ಪೂರ್ತಿ ಬಲಿಯಲೆಂದು ಬಿಟ್ಟೆ ಎಂಬುದು ಅವನ ವಾದ. ವ್ಯಾಪಾರಿ ಮಿತ್ರರು ಆ ವಾದವನ್ನು ಸುಲಭವಾಗಿ ತಳ್ಳಿಹಾಕುವುದಿಲ್ಲ. ತೆರೆಯದ ಎಲೆ ಏನಾಗಿತ್ತೆಂದು ಹೇಳುವವರು ಯಾರು?

2025ರ ಆಗಸ್ಟಿನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆಯನ್ನು ಅಂಗೀಕರಿಸಿತು; 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಹಣವಿಟ್ಟು ಆಡುವ ಆನ್‌ಲೈನ್ ಆಟಗಳು ದೇಶದಲ್ಲೆಲ್ಲ ನಿಂತವು. ಈಗ ಕಬಿನಿಯ ಎರಡು ದಡಕ್ಕೂ ಒಂದೇ ನಿಯಮ. ಮನೆಯ ಹೆಂಗಸರು ಒಳ್ಳೆಯದಾಯಿತು ಎಂದರು. ಒಂದು ಸಂಜೆಗೆ ಎಷ್ಟು ಬಾರಿ ಒಳಹೋಗುತ್ತಾನೆಂದು ಕೇಳಲಾಗದ ಮನೆಗಳು ನಾಡಿನಲ್ಲಿ ಎಷ್ಟಿದ್ದವೋ, ಅವರೆಲ್ಲರ ಪರವಾಗಿ ನಾವೂ ಹೌದೆಂದೆವು. ಒಂದು ಚೀಲ ಗೊಬ್ಬರದ ದುಡ್ಡಿಗಾಗಿ ವಾದ ಹೂಡುವುದು ನಮಗೆ ಶೋಭೆಯೂ ಅಲ್ಲ.

ಈಗ ಮೇಷ್ಟರ ಜಗಲಿಯಲ್ಲಿ ನಿಜವಾದ ಎಲೆಗಳಲ್ಲೇ ಪೋಕರ್ ನಡೆಯುತ್ತದೆ. ಒಬ್ಬೊಬ್ಬರಿಗೆ ನೂರು ಕಾಫಿ ಬೀಜ. ದುಡ್ಡಿಲ್ಲದ ಮೇಲೆ ಆಟ ಸಾತ್ತ್ವಿಕವಾದೀತೆಂದು ಎಣಿಸಿದ್ದವರಿಗೆ ಒಂದು ಸೋಜಿಗ ಕಾದಿತ್ತು: ಕಳೆದುಕೊಳ್ಳಲು ಏನೂ ಇಲ್ಲವೆಂದಾಗ ಎಲ್ಲರೂ ತಳ್ಳುವವರೇ. ಇಪ್ಪತ್ತು ವರ್ಷ ರಮ್ಮಿಯಲ್ಲಿ ಎಲೆ ಎಣಿಸಿದ ವ್ಯಾಪಾರಿ ಮಿತ್ರರೂ ನಾಲ್ಕು-ಮೂರು ಹಿಡಿದು ನೂರು ಬೀಜ ಮುಂದಿಟ್ಟರು. ₹25 ಎಂಬ ಸಣ್ಣ ಮೊತ್ತ ಎಷ್ಟು ಕೆಲಸ ಮಾಡುತ್ತಿತ್ತೆಂದು ಆಗ ತಿಳಿಯಿತು. ಅದಕ್ಕೆ ಮೇಷ್ಟ್ರು ಹೊಸ ಕಟ್ಟಳೆ ಬರೆದರು: ಮೊದಲು ಹೊರಬಿದ್ದವರು ಎಲ್ಲರಿಗೂ ಚಹಾ ಕಾಸಬೇಕು, ಲೋಟ ತೊಳೆಯಬೇಕು. ಅಂದಿನಿಂದ ಆಟಕ್ಕೆ ಮತ್ತೆ ಮರ್ಯಾದೆ ಬಂದಿದೆ, ಅಳಿಯನೊಬ್ಬನ ಹೊರತು.

ಹೌದು, ಅವನು ಮತ್ತೆ ಬರುತ್ತಾನೆ. ಕಳೆದ ವಾರ ಎರಡನೆಯ ಸುತ್ತಿನಲ್ಲೇ ನೂರು ಬೀಜವನ್ನೂ ಅಂಗೈಯಿಂದ ನಡುವಿಗೆ ತಳ್ಳಿದ. ಬೈರಕುಪ್ಪೆಯ ಮಿತ್ರರ ಕೈಯಲ್ಲಿ ಹತ್ತರ ಜೋಡಿ. ಲೆಕ್ಕದ ಪ್ರಕಾರ ಯೋಚಿಸಬೇಕಾದದ್ದೇ ಇಲ್ಲ; ಅವರೂ ತಳ್ಳಿದರು. ಅಳಿಯ ತೆರೆದದ್ದು ಏಳು-ನಾಲ್ಕು. 100ರಲ್ಲಿ 80ಕ್ಕೂ ಹೆಚ್ಚು ಬಾರಿ ಹತ್ತರ ಜೋಡಿಯೇ ಗೆಲ್ಲಬೇಕು. ಮೇಜಿನ ಮೇಲೆ ಒಂದು ಏಳು ಬಂತು, ಕೊನೆಯ ಎಲೆಯೂ ಏಳು. ‘ಮಾವ, ಹಾಲು ಇದೆಯೋ ಇಲ್ವೋ ನೋಡಿ’ ಎಂದ ಅಳಿಯ, ಬೀಜಗಳನ್ನು ಎರಡೂ ಕೈಯಲ್ಲಿ ಬಾಚಿಕೊಳ್ಳುತ್ತ. ಹಾಲು ಮುಗಿದಿತ್ತು. ಮಿತ್ರರು ಒಲೆ ಹಚ್ಚಿ ಕಟ್ಟನ್ ಚಾಯ ಕಾಸಿದರು, ನಾಲ್ಕು ಲೋಟ.